ರಬ್ಬರ್ ಗುಡ್ಡೆಯನ್ನು ಕಾಡಿಗೆ ಬಿಡಬಹುದಾ? ಮನೆಯಲ್ಲಿ ಮೂರು ಮಾತು, ನಿಮ್ಮದು ಯಾವುದು?

ಮುಳ್ಳೇರಿಯದಕ್ಕ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೇಸರ ಮಾಡಬೇಡಿ.

ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ. ಕೆಳಗೆ ತೋಡಿನ ಬದಿಯಲ್ಲಿ ಒಂದು ಎಕ್ರೆ ಅಡಿಕೆ ತೋಟ. ಅದಕ್ಕೆ ತಾಗಿ ಮುಕ್ಕಾಲು ಎಕ್ರೆ ಗದ್ದೆ, ಬೇಸಾಯ ಇಲ್ಲದೆ ಹಡೀಲು ಬಿದ್ದು ವರ್ಷಗಳಾದವು. ಮೇಲೆ ಎರಡೂವರೆ ಎಕ್ರೆ ಗುಡ್ಡೆ. ಗುಡ್ಡೆಯ ಬುಡದಲ್ಲಿ ನೀರಿಗೆ ಅಂತ ಅಡ್ಡಕ್ಕೆ ಕೊರೆದ ಒಂದು ಸುರಂಗ ಉಂಟು. ಮನೆಗೂ ತೋಟಕ್ಕೂ ಅದರದ್ದೇ ನೀರು.

ಗುಡ್ಡೆಯಲ್ಲಿರುವುದು ರಬ್ಬರ್. 2011ರ ಹೊತ್ತಿಗೆ ರಬ್ಬರ್ ಕಿಲೋಗೆ 200 ದಾಟಿತ್ತಲ್ಲ, ಆಗ ಊರಿಡೀ ನೆಟ್ಟರು, ನಾವೂ ನೆಟ್ಟೆವು. ಹಾಲು ತೆಗೆಯುವ ಪ್ರಾಯಕ್ಕೆ ಬರುವಾಗ ರೇಟು ಬಿದ್ದಾಗಿತ್ತು. ಈಗ ರೇಟಿಗಿಂತ ದೊಡ್ಡ ತಲೆನೋವು ಜನದ್ದು. ಟ್ಯಾಪಿಂಗಿಗೆ ಬರುತ್ತಿದ್ದವರು ಗಲ್ಫಿಗೆ ಹೋದರು. ಬೇರೆಯವರು ಸಿಗಲಿಲ್ಲ. ಹಾಗಾಗಿ ಎರಡು ಮಳೆಗಾಲ ಆಯಿತು, ಗುಡ್ಡೆಗೆ ಕತ್ತಿ ತಾಗಲಿಲ್ಲ, ಅಡಿಕಾಡು ಸವರಲಿಲ್ಲ.

ಈಗ ಮನೆಯಲ್ಲಿ ಮೂರು ಅಭಿಪ್ರಾಯ. ಯಜಮಾನರಿಗೆ ರಬ್ಬರ್ ಕಡಿದು, ಜೆಸಿಬಿ ತಂದು ತಟ್ಟು ಮಾಡಿ, ಬೋರ್ ಹಾಕಿಸಿ ಅಲ್ಲಿಯೂ ಅಡಿಕೆ ಇಡಬೇಕು ಅಂತ. ಸುತ್ತಮುತ್ತ ಎಲ್ಲರೂ ಮಾಡುತ್ತಿರುವುದು ಅದನ್ನೇ.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಂಪೆನಿಯವರು ಇಂಗ್ಲೆಂಡಿಗೆ ಕಳಿಸಿದಾಗ ಸಸೆಕ್ಸ್ ಅನ್ನುವಲ್ಲಿ ಕ್ನೆಪ್ ಎಂಬ ಎಸ್ಟೇಟು ನೋಡಿ ಬಂದ. 3,500 ಎಕ್ರೆ ಜಾಗ ಅಂತೆ. ಜೇಡಿಮಣ್ಣು, ಗೋಧಿ ಬೆಳೆದು ಹಾಲು ಕರೆದು ನಷ್ಟವೇ ಆಗುತ್ತಿತ್ತು. 2000ದ ಹೊತ್ತಿಗೆ ಉಳುವುದನ್ನು ನಿಲ್ಲಿಸಿ ದನ, ಕುದುರೆ, ಹಂದಿ, ಜಿಂಕೆ ಬಿಟ್ಟು ಜಾಗವನ್ನು ಅದರ ಪಾಡಿಗೆ ಬಿಟ್ಟರು. ಈಗ ಅಲ್ಲಿ ನೈಟಿಂಗೇಲ್ ಹಾಡುತ್ತದೆ, 2020ರಲ್ಲಿ ಕೊಕ್ಕರೆಗಳು ಮರಿ ಮಾಡಿದವು, ಇಂಗ್ಲೆಂಡಿನಲ್ಲಿ ಅದು ನೂರಾರು ವರ್ಷಗಳಲ್ಲಿ ಆಗಿರಲಿಲ್ಲ ಅಂತೆಲ್ಲ ಹೇಳುತ್ತಾನೆ. "ಅಮ್ಮ, ಎಂತದೂ ಮಾಡ್ಬೇಡ, ಸುಮ್ನೆ ಬಿಡು" ಅನ್ನುವುದು ಅವನ ಮಾತು. ಸುಮ್ನೆ ಬಿಡುವುದು ಅವನಿಗೆ ಸುಲಭ, ಅವ ಇರುವುದು ನಾಲ್ಕನೇ ಮಾಳಿಗೆಯಲ್ಲಿ.

ಮೂರನೆಯವರು ದೊಡ್ಡಮಾವ. ಎಂಬತ್ತು ದಾಟಿದೆ. ಬೆಳೆ ತೆಗೆದ ಜಾಗವನ್ನು ಕಾಡು ಮಾಡುವುದೆಂದರೆ ಅವರಿಗೆ ಸಿಟ್ಟೇ ಬರುತ್ತದೆ. ಹಂದಿಗೆ ಮನೆ ಕಟ್ಟಿಕೊಟ್ಟ ಹಾಗೆ ಅನ್ನುತ್ತಾರೆ.

ನಾನು ಹೋದ ತಿಂಗಳು ಮಳೆ ಬಿಟ್ಟ ಮೇಲೆ ಕತ್ತಿ ಹಿಡಿದುಕೊಂಡು ಮೇಲೆ ಹೋಗಿ ನೋಡಿದೆ. ರಬ್ಬರ್ ಮರದಲ್ಲಿ ಹಾಲು ಹಿಡಿಯುವ ಚಿರಟೆಗಳು ಹಾಗೆಯೇ ನೇತಾಡುತ್ತಿದ್ದವು, ಕೆಲವದರಲ್ಲಿ ನೀರು ನಿಂತು ಸೊಳ್ಳೆಮರಿ. ಅವನ್ನೆಲ್ಲ ಮಗುಚಿ ಹಾಕಿದೆ. ಒಂದು ಚಿರಟೆಯಲ್ಲಿ ತರಗೆಲೆ ಕೊಳೆತು ಮಣ್ಣಾಗಿ ಅದರಲ್ಲಿ ಜರಿಗಿಡ ಹುಟ್ಟಿತ್ತು. ನೆರಳಿನ ಜಾಗದಲ್ಲಿ ಮೊಣಕಾಲೆತ್ತರದ ಉಪ್ಪಳಿಗೆ ಗಿಡಗಳು, ಎಲೆಯ ನಡುವಿಗೇ ತೊಟ್ಟು ಕೂತಿರುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ರಬ್ಬರ್ ನೆಡುವಾಗ ಬುಡಕ್ಕೇ ಕಡಿದಿದ್ದ ಕುಂಟಾಲ ಬೇರಿನಿಂದ ಚಿಗುರಿ ಪೊದೆಯಾಗಿದೆ. ಮರುವದ ಹಳೇ ಕುತ್ತಿಯಿಂದ ನಾಲ್ಕೈದು ಕವಲು ಎದ್ದು ನನ್ನಷ್ಟೆತ್ತರ ಆಗಿದೆ. ನೋಡಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಬಿಸಿಲು ಬೀಳುವ ಅಂಚಿನಲ್ಲಿ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ತಲೆ ಮೀರಿ ಬೆಳೆದಿದೆ. ಅದರ ಮೇಲೆ ಯಾವುದೋ ಬಳ್ಳಿ ಹೊದ್ದುಕೊಂಡು ಹೋಗಿದೆ, ಒಳಗೆ ಕಾಲಿಡಲು ಆಗುವುದಿಲ್ಲ. ಮಗ ಹೇಳುವ ಪ್ರಕೃತಿ ಇದೂ ಹೌದಾ?

ಗುಡ್ಡೆ ಬಿಟ್ಟವರು, ಬಿಟ್ಟು ಪಶ್ಚಾತ್ತಾಪ ಪಟ್ಟವರು, ಬಿಡಬಾರದು ಅನ್ನುವವರು, ಎಲ್ಲರೂ ಹೇಳಿ. ಗದ್ದೆಯನ್ನೂ ಸೇರಿಸಿ ಬಿಡಬಹುದಾ ಅನ್ನುವುದನ್ನೂ ಹೇಳಿ.

ಪೆರ್ಲದ ಭಾವ:

ಅಕ್ಕ, ನೇರವಾಗಿ ಹೇಳುತ್ತೇನೆ. ನಾನು ನಿಮ್ಮ ದೊಡ್ಡಮಾವನ ಪಾರ್ಟಿ.

ಆ ಇಂಗ್ಲೆಂಡಿನವರದ್ದು ಒಂದೇ ಮನೆಗೆ 3,500 ಎಕ್ರೆ. ಕೇರಳದ ಭೂಸುಧಾರಣೆ ಕಾಯಿದೆಯಲ್ಲಿ ಐದು ಜನರ ಕುಟುಂಬ ತೋಟದ ರಿಯಾಯಿತಿ ಬಿಟ್ಟರೆ ಹೆಚ್ಚೆಂದರೆ 15 ಎಕ್ರೆ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಜಾಸ್ತಿಯವರಿಗೆ ಅದರಲ್ಲಿ ಕಾಲು ಭಾಗವೂ ಇಲ್ಲ. ಅಲ್ಲಿ ನಡುವೆ ಕಾಡು, ಸುತ್ತ ಬೇಲಿ. ಇಲ್ಲಿ ನಿಮ್ಮ ಕಾಡಿನ ಗಡಿಗೆ ನನ್ನ ಬಾಳೆ, ನನ್ನ ಗಡಿಗೆ ಇನ್ನೊಬ್ಬನ ಮರಗೆಣಸು. ನೀವು ಬಿಟ್ಟದ್ದರ ಖರ್ಚು ಬೀಳುವುದು ನೆರೆಯವರ ಮೇಲೆ.

ಕಾಡುಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು 2022ರಲ್ಲಿ ಪಂಚಾಯತು ಅಧ್ಯಕ್ಷರಿಗೇ ಕೊಟ್ಟರು. ಕೊಟ್ಟು ಎಂತ ಪ್ರಯೋಜನ, ಲೈಸೆನ್ಸ್ ಇರುವ ಕೋವಿಯವರು ಬೇಕಲ್ಲ. ರಾತ್ರಿ ಬಂದು ಹಗಲು ಮಲಗಲು ಹಂದಿಗೆ ಬೇಕಾದದ್ದು ನೀವು ಹೇಳಿದ ಆ ಕಮ್ಯುನಿಸ್ಟ್ ಪೊದೆಯೇ. ಮಂಗ, ನವಿಲು, ಮುಳ್ಳುಹಂದಿ ಬೇರೆ. ನಿಮ್ಮ ಕಾರಡ್ಕ, ದೇಲಂಪಾಡಿ ಕಡೆ ಆನೆಯೂ ಉಂಟು, ನಿಮಗೆ ನಾನು ಹೇಳಬೇಕಾ?

ಇನ್ನೊಂದು. ಅನ್ನಕ್ಕೆ ಅಕ್ಕಿ ಆಂಧ್ರದ್ದು, ತರಕಾರಿ ಮೈಸೂರು ಕಡೆಯದ್ದು. ನಮ್ಮ ಗುಡ್ಡೆ ಹಸಿರು ಮಾಡಿ ಅವರ ಜಾಗಕ್ಕೆ ಇನ್ನಷ್ಟು ಮದ್ದು ಹೊಡೆಸುವುದು ಯಾವ ಪರಿಸರ ಪ್ರೀತಿ?

ಆದರೂ ಒಂದು ಒಪ್ಪುತ್ತೇನೆ. ಗುಡ್ಡೆಯಲ್ಲಿ ಜೆಸಿಬಿ ಇಳಿಸಿ ಅಡಿಕೆ ಬೇಡ. ಮೇಲೆ ಬೋರ್ ಕೊರೆದ ಮೇಲೆ ಕೆಳಗೆ ಸುರಂಗ ಬತ್ತಿದ ಮನೆಗಳು ನಮ್ಮಲ್ಲೇ ಇವೆ. ನಿಮ್ಮ ಯಜಮಾನರಿಗೆ ಅದನ್ನು ಮೊದಲು ಹೇಳಿ.

ನೀಲೇಶ್ವರದ ಮೇಷ್ಟ್ರು:

ಇಂಗ್ಲೆಂಡಿಗೆ ಯಾಕೆ ಹೋಗಬೇಕು? ನಮ್ಮ ಜಿಲ್ಲೆಯಲ್ಲೇ ಪುಲಿಯಂಕುಳಂನಲ್ಲಿ ಅಬ್ದುಲ್ ಕರೀಂ ಅವರ ಕಾಡು ಉಂಟು. 1977ರಲ್ಲಿ ಐದು ಎಕ್ರೆ ಒಣ ಪಾರೆ ಜಾಗ ತೆಗೆದುಕೊಂಡು ಶುರು ಮಾಡಿದರು. ಮುರಕಲ್ಲು, ಹಿಡಿ ಮಣ್ಣಿಲ್ಲ. ಊರವರು ನಕ್ಕಿದ್ದರು. ಈಗ 32 ಎಕ್ರೆ ಕಾಡು. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಏಪ್ರಿಲ್ ಸೆಕೆ, ಗೇಟು ದಾಟಿದ ಮೇಲೆ ಮಕ್ಕಳು ಮಾತು ಕಮ್ಮಿ ಮಾಡಿದರು. ನಲುವತ್ತು ಮಕ್ಕಳ ಬಾಯಿ ಮುಚ್ಚಿಸುವುದು ನನ್ನಿಂದ ಯಾವತ್ತೂ ಆಗಿಲ್ಲ.

ಆದರೆ ಮಗನಿಗೆ ಇದನ್ನು ಹೇಳಿ. ಕರೀಂ ಸುಮ್ನೆ ಬಿಟ್ಟದ್ದಲ್ಲ. ಮೊದಲ ವರ್ಷಗಳಲ್ಲಿ ಗಿಡ ನೆಟ್ಟರು, ಸತ್ತವು, ಮತ್ತೆ ನೆಟ್ಟರು, ದೂರದಿಂದ ನೀರು ತಂದು ಹೊಯ್ದರು. ಮರ ಎದ್ದು ನಿಂತ ಮೇಲೆಯೇ ಕೈ ಬಿಟ್ಟದ್ದು. ಆಮೇಲೆ ಕಳೆ ತೆಗೆಯಲಿಲ್ಲ, ಕೊಂಬೆ ಕಡಿಯಲಿಲ್ಲ, ತರಗೆಲೆ ಗುಡಿಸಲಿಲ್ಲ. ಬಾವಿಯ ನೀರು ಮೇಲೆ ಬಂತು.

ಪೆರ್ಲದ ಭಾವ ಹೇಳಿದ ಸಿಟ್ಟು ಇಲ್ಲಿಯದ್ದು ಮಾತ್ರ ಅಲ್ಲ. ವೇಲ್ಸ್‌ನಲ್ಲಿ 2018ರಲ್ಲಿ 'ಸಮಿಟ್ ಟು ಸೀ' ಅಂತ ದೊಡ್ಡ ಯೋಜನೆ ಬಂತು, ಗುಡ್ಡದಿಂದ ಕಡಲಿನ ತನಕ ಪ್ರಕೃತಿಯನ್ನು ಮರಳಿ ತರುವುದು ಅಂತ. ಕುರಿ ಸಾಕುವವರು ತಿರುಗಿ ಬಿದ್ದರು. ನಮ್ಮ ಜಾಗದ ಯೋಜನೆಯನ್ನು ನಮ್ಮನ್ನು ಕೇಳದೆ ಬರೆದವರು ಯಾರು ಅಂತ ಅವರ ಪ್ರಶ್ನೆ. ಮುಂದಿನ ವರ್ಷ ಮುಖ್ಯ ಸಂಸ್ಥೆಯೇ ಹಿಂದೆ ಸರಿಯಿತು. ಅಕ್ಕ, ನಿಮ್ಮದು ನಿಮ್ಮದೇ ಜಾಗ, ಆ ಜಗಳ ಇಲ್ಲ. ಆದರೆ ಗಡಿಯವರ ಹತ್ತಿರ ಮೊದಲೇ ಒಂದು ಮಾತು ಆಡಿ.

ಕಾಟುಮಾವು:

ಅಕ್ಕಾ, ನಾನು ಸಸ್ಯಶಾಸ್ತ್ರ ಓದಿದವಳು, ಊರು ಅಡೂರು. ನೀವು ನೋಡಿ ಬರೆದದ್ದರಲ್ಲೇ ಅರ್ಧ ಉತ್ತರ ಉಂಟು.

ನೆರಳಿನಲ್ಲಿ ಉಪ್ಪಳಿಗೆ, ಕುಂಟಾಲ, ಮರುವ. ಬಿಸಿಲಿನಲ್ಲಿ ಕಮ್ಯುನಿಸ್ಟ್ ಗಿಡ. ಅಂದರೆ ಈಗ ಕಾಡಿನ ಗಿಡಗಳನ್ನು ಕಾಯುತ್ತಿರುವುದು ರಬ್ಬರಿನ ನೆರಳೇ. ಒಟ್ಟಿಗೆ ಎಲ್ಲ ರಬ್ಬರ್ ಕಡಿದು ಮಾರಿದರೆ ಗುಡ್ಡೆ ಬೋಳಾಗಿ ಇಡೀ ಜಾಗ ಆ ಅಂಚಿನ ಹಾಗೆ ಆಗುತ್ತದೆ. ಮೊದಲ ಮಳೆಗೆ ಮಣ್ಣು ಇಳಿದು ನಿಮ್ಮ ತೋಟಕ್ಕೇ ಬರುತ್ತದೆ. ಕಡಿಯುವುದಾದರೆ ಅಲ್ಲೊಂದು ಇಲ್ಲೊಂದು ಕಡಿಯಿರಿ. ಕೆಳಗೆ ಒಳ್ಳೆ ಸಸಿ ಎದ್ದಿರುವ ಕಡೆ ಮಾತ್ರ ಬೆಳಕು ಬಿಡಿ. ರಬ್ಬರ್ ಬೀಜ ಸಿಡಿದು ಹುಟ್ಟುವ ಸಸಿಗಳನ್ನು ಮಾತ್ರ ಕಿತ್ತು ಬಿಸಾಡುತ್ತಾ ಇರಬೇಕು.

ಬಳ್ಳಿ ಯಾವುದು ಅಂತ ಎಲೆ ನೋಡಿ. ಹೃದಯದಾಕಾರದ ಎದುರುಬದುರು ಎಲೆ, ಬಿಳಿ ಹೂಗೊಂಚಲು ಇದ್ದರೆ ಅದು ಮೈಕೇನಿಯಾ, ಅಮೆರಿಕ ಕಡೆಯಿಂದ ಬಂದದ್ದು. ಮೂರು ಎಲೆ ಒಟ್ಟಿಗಿದ್ದರೆ ರಬ್ಬರಿನ ಬುಡಕ್ಕೆ ಹೊದಿಕೆ ಅಂತ ಬಿತ್ತಿದ ಮ್ಯುಕುನಾ ಇರಬಹುದು. ಎರಡೂ ಮರವನ್ನೇ ಮುಚ್ಚಿ ಬಿಡುತ್ತವೆ. ಮೈಕೇನಿಯಾವನ್ನು ಹೂ ಬಿಡುವ ಮೊದಲು ಎಳೆಯಬೇಕು. ಗಂಟಿನಲ್ಲೆಲ್ಲ ಬೇರು ಬರುವುದರಿಂದ ಎಳೆದದ್ದನ್ನು ಅಲ್ಲೇ ಹಾಕಬೇಡಿ.

ಹಕ್ಕಿಗಳ ವಿಷಯ. ಪಿಕಳಾರ, ಕುಟ್ರಹಕ್ಕಿ ಸಣ್ಣ ಹಣ್ಣಿನ ಬೀಜ ತಂದು ಹಾಕುತ್ತವೆ. ಹೆಬ್ಬಲಸು, ಕಿರಾಲ್‌ಬೋಗಿ, ರೆಂಜೆ ಹತ್ತಿರದಲ್ಲಿ ತಾಯಿಮರ ಇಲ್ಲದಿದ್ದರೆ ತಾನಾಗಿ ಬರುವುದು ಕಷ್ಟ. ನಿಮ್ಮ ಹತ್ತಿರ ನಾಗಬನವೋ ದೇವರ ಕಾವೋ ಉಂಟಾ? ಅಲ್ಲಿ ಮಳೆ ಶುರುವಾಗುವ ಹೊತ್ತಿಗೆ ಬುಡದಲ್ಲಿ ಬಿದ್ದ ಬೀಜ ಹೆಕ್ಕಿ ತಂದು ಹಾಕಿ. ಬನದ ಒಳಗೆ ಹೋಗಬಾರದು ಅಂತಿದ್ದರೆ ಹೊರಗೆ ಬಿದ್ದದ್ದೇ ಸಾಕಾಗುತ್ತದೆ.

ಬೆಂಕಿ ಮರೆಯಬೇಡಿ. ರಬ್ಬರ್ ಎಲೆ ಉದುರಿಸುವುದು ಡಿಸೆಂಬರ್ ಜನವರಿಯಲ್ಲಿ, ಆಮೇಲೆ ಮೂರು ತಿಂಗಳು ಒಣ ಹಾಸಿಗೆ. ದಾರಿ ಬದಿಯಿಂದ ಒಂದು ಬೀಡಿ ಸಾಕು. ಗಡಿ ಸುತ್ತ ಎರಡು ಮಾರು ಅಗಲ ತರಗೆಲೆ ಎಳೆದು ಹಾಕಿಸಿ. ಪೆರ್ಲದ ಅಣ್ಣ ಹೇಳಿದ ಹಂದಿಗೂ ಅದೇ ಮದ್ದು, ಗಡಿಯಲ್ಲಿ ಅಡಗಲು ಪೊದೆ ಇರಬಾರದು. ಪೊದೆ ಗುಡ್ಡೆಯ ನಡುವೆ ಇರಲಿ.

ಗುಡ್ಡೆಯ ತುದಿಯಲ್ಲಿ ಪದವು, ಅಂದರೆ ಮುರಕಲ್ಲಿನ ಬಯಲು ಉಂಟಾ ಅಂತ ನೀವು ಬರೆದಿಲ್ಲ. ಇದ್ದರೆ ಅಲ್ಲಿ ಮಾತ್ರ ಗಿಡ ನೆಡಬೇಡಿ. ಮಳೆಗಾಲದಲ್ಲಿ ಅಲ್ಲಿ ಬೆರಳೆತ್ತರದ ಹೂಗಳು ಬರುತ್ತವೆ, ಹುಳ ಹಿಡಿಯುವ ಗಿಡಗಳೂ ಉಂಟು. ಅಲ್ಲಿ ಹುಲ್ಲೇ ಪ್ರಕೃತಿ. ಅಕೇಶಿಯಾ ನೆಟ್ಟು ಹಸಿರು ಮಾಡಿದೆವು ಅಂತ ಫೋಟೊ ತೆಗೆಸಿಕೊಂಡ ಪದವುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಗನಿಗೆ ಒಂದು ಮಾತು. ಕ್ನೆಪ್‌ನಲ್ಲಿ ದನ, ಹಂದಿ ಬಿಟ್ಟಿದ್ದಾರೆ, ಆದರೆ ಸಂಖ್ಯೆ ಜಾಸ್ತಿಯಾಗದ ಹಾಗೆ ನೋಡಿಕೊಳ್ಳುತ್ತಾರೆ, ಮಾಂಸ ಮಾರುತ್ತಾರೆ. ಹಾಲೆಂಡಿನ ಊಸ್ಟ್‌ವಾರ್ಡರ್ಸ್‌ಪ್ಲಾಸನ್ ಎಂಬಲ್ಲಿ ಬೇಲಿಯೊಳಗೆ ದನ, ಕುದುರೆ, ಜಿಂಕೆ ಬಿಟ್ಟು ಹೆಚ್ಚು ಕೈ ಹಾಕಲಿಲ್ಲ. 2017-18ರ ಚಳಿಗಾಲದಲ್ಲಿ ಮೇವಿಲ್ಲದೆ 3,000ಕ್ಕಿಂತ ಜಾಸ್ತಿ ಪ್ರಾಣಿಗಳು ಹೋದವು, ಹೆಚ್ಚಿನವನ್ನು ನರಳದಿರಲಿ ಅಂತ ಗುಂಡು ಹೊಡೆದದ್ದು. ಬಿಡುವುದಕ್ಕೂ ಆಳು ಬೇಕು, ಕಣ್ಣು ಬೇಕು.

ಬೋವಿಕ್ಕಾನದವ:

ನಾನು ಬೇರೆ ಕಡೆಯಿಂದ ಹೇಳುತ್ತೇನೆ. ನಮ್ಮಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ನಿಲ್ಲಿಸಿತು. ನಮ್ಮ ಮನೆಯಲ್ಲಿ ಅದರ ಲೆಕ್ಕ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಡು ಬರಬೇಕಾ ತೋಟ ಇರಬೇಕಾ ಅಂತ ನೀವೆಲ್ಲ ಮಾತಾಡುತ್ತೀರಿ. ನನಗೆ ಕೇಳಬೇಕಾದ್ದು ಒಂದೇ, ಜಾಗಕ್ಕೆ ಎಂತ ಹೊಯ್ಯುತ್ತೀರಿ? ಅಕ್ಕ, ಕಮ್ಯುನಿಸ್ಟ್ ಗಿಡ ಕೊಲ್ಲಲು ಕಳೆಮದ್ದು ಮಾತ್ರ ಹೊಡೆಯಬೇಡಿ. ನಿಮ್ಮ ಸುರಂಗ ಅದರ ಕೆಳಗೇ ಉಂಟು.

ದಸ್ತಾವೇಜು ಬರೆಯುವವ:

ಕಾನೂನು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕಾಡು ಮಾಡಿದರೆ ಸರಕಾರ ತೆಗೆದುಕೊಳ್ಳುತ್ತದೆ ಅಂತ ಊರಿನಲ್ಲಿ ಒಂದು ಹೆದರಿಕೆ ಉಂಟು. ಪೂರ್ತಿ ಸುಳ್ಳಲ್ಲ. ಪರಿಸರ ದುರ್ಬಲ ಪ್ರದೇಶ ಅಂತ 2003ರ ಕೇರಳ ಕಾಯಿದೆ. ರಿಸರ್ವ್ ಕಾಡಿಗೆ ತಾಗಿದ ಅಥವಾ ಅದು ಸುತ್ತುವರಿದ ಖಾಸಗಿ ಜಾಗದಲ್ಲಿ ಹೆಚ್ಚಾಗಿ ಸಹಜ ಕಾಡೇ ಇದ್ದರೆ ಅದು ಆ ಕಾಯಿದೆಯ ಒಳಗೆ ಬರುತ್ತದೆ. ನಿಮ್ಮ ಕಡೆ ಕಾರಡ್ಕ, ಮುಳಿಯಾರು ರಿಸರ್ವ್ ಉಂಟು. ಗಡಿ ತಾಗುತ್ತದಾ ಅಂತ ಸರ್ವೆ ನಕ್ಷೆ ನೋಡಿ. ನಡುವೆ ಬೇರೆಯವರ ತೋಟ ಇದ್ದರೆ ಅಷ್ಟು ಹೆದರಬೇಕಾದ್ದಿಲ್ಲ. ತಾಗುತ್ತದೆ ಅಂತಾದರೆ ವಕೀಲರನ್ನು ಕೇಳಿಯೇ ಮುಂದೆ ಹೋಗಿ. ತೆರಿಗೆ ರಶೀದಿ, ರಬ್ಬರ್ ನೆಟ್ಟ ದಾಖಲೆ ಜೋಪಾನ.

ಗದ್ದೆಯ ಕತೆ ಬೇರೆ. 2008ರ ಗದ್ದೆ ಮತ್ತು ಜೌಗುಭೂಮಿ ಕಾಯಿದೆಯಲ್ಲಿ ಮಣ್ಣು ತುಂಬಿಸಲು ಬಿಡುವುದಿಲ್ಲ. ಹಡೀಲು ಬಿಟ್ಟ ಗದ್ದೆಯನ್ನು ನೀವೇ ಬೇಸಾಯ ಮಾಡಿ, ಇಲ್ಲ ಬೇರೆಯವರಿಂದ ಮಾಡಿಸಿ ಅಂತ ಹೇಳಲೂ ಅದರಲ್ಲಿ ದಾರಿ ಉಂಟು. ಗದ್ದೆಯನ್ನು ಕಾಡಿಗೆ ಬಿಟ್ಟೆ ಅಂದರೆ ಕಾನೂನಿಗೆ ಅರ್ಥ ಆಗುವುದಿಲ್ಲ.

ಮುಳ್ಳೇರಿಯದಕ್ಕ:

ಎಲ್ಲರಿಗೂ ಉಪಕಾರ ಆಯಿತು. ಬಳ್ಳಿ ಮೈಕೇನಿಯಾವೇ. ನಾಗಬನ ಉಂಟು, ನಮ್ಮ ತರವಾಡಿನದ್ದೇ, ರೆಂಜೆ ಮರ ಅದರ ಹೊರಗೂ ಒಂದು ಉಂಟು. ರಿಸರ್ವ್‌ಗೂ ನಮಗೂ ನಡುವೆ ಎರಡು ಮನೆಯವರ ತೋಟ.

ನಿಮ್ಮ ಮಾತುಗಳನ್ನು ದೊಡ್ಡಮಾವನಿಗೆ ಓದಿ ಹೇಳಿದೆ. ಪೆರ್ಲದ ಭಾವ ಬರೆದದ್ದಕ್ಕೆಲ್ಲ ತಲೆಯಾಡಿಸಿದರು. ಆಮೇಲೆ ನಾನು ಕೇಳಿದೆ, ರಬ್ಬರಿಗೆ ಮೊದಲು ಗುಡ್ಡೆಯಲ್ಲಿ ಎಂತ ಇತ್ತು ಅಂತ. "ಎಂತ ಇರುವುದು, ಸೊಪ್ಪಿನ ಗುಡ್ಡೆ" ಅಂದರು. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ತುದಿಯಲ್ಲಿ ಮುಳಿಹುಲ್ಲು, ಮನೆಗೆ ಹೊದೆಸಲು. ಕೆಳಗೆ ಮರುವ, ನೇರಳೆ, ಕುಂಟಾಲ. ಅದರ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ ಮತ್ತು ಗದ್ದೆಗೆ. ವರ್ಗ ಜಾಗದ, ಅಂದರೆ ಪಟ್ಟಾ ಜಾಗದ, ಸುತ್ತ ನೂರು ಗಜ ಕುಮ್ಕಿ ಅಂತ ಹಿಂದಿನ ಕಾಲದ ಸರಕಾರ ಬಿಟ್ಟುಕೊಟ್ಟದ್ದೇ ಈ ಸೊಪ್ಪಿಗೆ, ಸೌದೆಗೆ ಅಂತ ಒಂದು ಗಂಟೆ ಹೇಳಿದರು.

ಈಗಲೂ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರುಸೊಪ್ಪು, 12 ಕಿಲೋ ಕಾಂಪೋಸ್ಟ್ ಹಾಕಿ ಅನ್ನುತ್ತಾರೆ. ನಮ್ಮ ತೋಟದಲ್ಲಿ 500 ಮರ ಅಂತ ಹಿಡಿದರೂ 6,000 ಕಿಲೋ ಸೊಪ್ಪು. ನಾವು ಎಷ್ಟು ಹಾಕುತ್ತೇವೆ? ಅಂಗಡಿಯ ಚೀಲದಲ್ಲಿ ಬಂದದ್ದು ಮಾತ್ರ. ಹಾಗಾದರೆ ಗುಡ್ಡೆ ಯಾವಾಗ ಕೃಷಿ ಭೂಮಿ ಆಗಿತ್ತು, ಯಾವಾಗ ಆಗಿರಲಿಲ್ಲ? ರಬ್ಬರ್ ಇದ್ದಾಗ ಕೆಳಗಿನ ತೋಟಕ್ಕೆ ಅದರಿಂದ ಒಂದು ಹಿಡಿ ಸೊಪ್ಪು ಬರಲಿಲ್ಲ. ಗುಡ್ಡೆಯಲ್ಲಿ ಮರ ಎದ್ದರೆ ತೋಟಕ್ಕೇ ಲಾಭ ಅಂತ ನಾನು ಹೇಳಿದಾಗ ದೊಡ್ಡಮಾವ ಎದುರು ಹೇಳಲಿಲ್ಲ. "ಕಾಡು ಅನ್ಬೇಡ, ಸೊಪ್ಪಿನ ಗುಡ್ಡೆ ಅನ್ನು" ಅಂದರು. ಆಗಲಿ, ಹೆಸರಿನಲ್ಲಿ ಎಂತ.

ಮಗ ಒಪ್ಪಲಿಲ್ಲ. ಸೊಪ್ಪು ಕಡಿಯುವುದಾದರೆ ಅದು ಬಿಟ್ಟ ಹಾಗೆ ಆಗುವುದಿಲ್ಲ ಅಂತ ಫೋನಿನಲ್ಲೇ ಜಗಳ. ಅವ ಹೇಳುವುದರಲ್ಲೂ ನ್ಯಾಯ ಉಂಟು. ಹಾಗಾಗಿ ಸುರಂಗದ ನೆತ್ತಿಯ ಮೇಲಿನ ಅರ್ಧ ಎಕ್ರೆಗೆ ಯಾರೂ ಕತ್ತಿ ಹಾಕಬಾರದು ಅಂತ ಮಾಡಿದ್ದೇವೆ. ಉಳಿದದ್ದರಲ್ಲಿ ಮರ ದೊಡ್ಡದಾಗುವ ತನಕ ಸೊಪ್ಪು ಇಲ್ಲ, ಆಮೇಲೆ ಕೊಂಬೆ ಮಾತ್ರ. ರಬ್ಬರ್ ಒಟ್ಟಿಗೆ ಕಡಿಯುವುದಿಲ್ಲ, ಕಾಟುಮಾವು ಹೇಳಿದ ಹಾಗೆಯೇ. ಯಜಮಾನರಿಗೆ ಬೋರ್ ಬೇಡ ಅನ್ನುವುದು ತಲೆಗೆ ಹೋಗಿದೆ, ಅಡಿಕೆ ಬೇಡ ಅನ್ನುವುದು ಇನ್ನೂ ಹೋಗಿಲ್ಲ. ಎಲೆಚುಕ್ಕಿ ರೋಗ ಕೆಳಗಿನ ತೋಟಕ್ಕೇ ಬಂದು ಕೂತಿದೆ, ಮೇಲೆ ಇನ್ನೊಂದು ಯಾಕೆ ಅಂತ ನಾನು ದಿನಾ ಹೇಳುತ್ತಿದ್ದೇನೆ.

ಗದ್ದೆ ಬಿಡುವುದಿಲ್ಲ. ನಮ್ಮ ವಾರ್ಡಿನ ಕುಟುಂಬಶ್ರೀ ಮಹಿಳಾ ಗುಂಪಿನವರು ಮಳೆಗಾಲದ ಏಣೆಲು ಬೆಳೆಗೆ ಕೊಡುತ್ತೀರಾ ಅಂತ ಕೇಳಿದ್ದಾರೆ. ಗೇಣಿಗೆ ಕೊಟ್ಟರೆ ಜಾಗ ಹೋಗುತ್ತದೆ ಅಂತ ಅತ್ತೆಯವರಿಗೆ ಹಳೇ ಹೆದರಿಕೆ. ದಸ್ತಾವೇಜಿನವರೇ, ಇದಕ್ಕೆ ಕಾಗದ ಎಂತಾದರೂ ಮಾಡಬೇಕಾ?

ದಸ್ತಾವೇಜು ಬರೆಯುವವ:

ಹೊಸದಾಗಿ ಗೇಣಿ ಹುಟ್ಟಿಸಲು ಭೂಸುಧಾರಣೆ ಕಾಯಿದೆಯೇ ಬಿಡುವುದಿಲ್ಲ, ಹಾಗಾಗಿ ಗೇಣಿಚೀಟು ಅಂತ ಬರೆಸಬೇಡಿ. ಪಂಚಾಯತಿನ ಕೃಷಿಭವನಕ್ಕೆ ಹೋಗಿ, ಗುಂಪಿನವರಿಗೆ ಬೇರೆ ಕಡೆ ಹೇಗೆ ಮಾಡಿಸಿದ್ದಾರೆ ಅಂತ ಕೇಳಿ, ಅವರ ಮೂಲಕವೇ ಮಾಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಪೆರ್ಲದ ಭಾವ:

ಸೊಪ್ಪಿನ ಗುಡ್ಡೆ ಅಂತ ಮೊದಲೇ ಹೇಳಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ ಮಾರಾಯ್ರೆ. ಆದರೂ ಹಂದಿಯ ವಿಷಯದಲ್ಲಿ ನನ್ನ ಮಾತು ಹಾಗೇ ಉಂಟು. ಗಡಿಯ ಪೊದೆ ಈ ತಿಂಗಳೇ ಸವರಿಸಿ, ಹೂ ಬಿಟ್ಟ ಮೇಲೆ ಆ ಕಮ್ಯುನಿಸ್ಟ್ ಬೀಜ ಗಾಳಿಯಲ್ಲಿ ನಮ್ಮ ತನಕ ಬರುತ್ತದೆ.